ನೇತ್ರರೋಗಗಳು ಮತ್ತು ಉತ್ಕರ್ಷಣ ನಿರೋಧಕಗಳು: ಯುಕ್ತಿ ಮತ್ತು ಪ್ರಮಾಣ

ಕರ್ನಾಟಕದ ಹಳ್ಳಿಪಟ್ಟಣಗಳಲ್ಲಿ ನೇತ್ರ ಶಿಬಿರವೆಂದೊಡನೆ ಹಿರಿಯರಿಗೆ ಡಾ. ಎಂ. ಸಿ. ಮೋದಿಯವರ ನೆನಪು ಬಾರದಿರದು. 1916ರಲ್ಲಿ ಜನಿಸಿ 2005ರಲ್ಲಿ ಕಾಲವಾದ ಈ ಶಸ್ತ್ರವೈದ್ಯರು ಊರೂರಿಗೆ ಹೋಗಿ ಉಚಿತ ಶಿಬಿರಗಳನ್ನು ನಡೆಸಿ, ಕಣ್ಣಿನ ಪೊರೆಯಿಂದ ಕುರುಡಾದ ಅಸಂಖ್ಯ ಜನರಿಗೆ ಮತ್ತೆ ಬೆಳಕನ್ನು ಕಾಣಿಸಿದರು. ಮುಪ್ಪಿನ ಕುರುಡು ಹಣೆಬರಹವಲ್ಲ, ಅದನ್ನು ಕಳೆಯಬಹುದು ಎಂಬ ವಿಶ್ವಾಸವು ಜನಸಾಮಾನ್ಯರಲ್ಲಿ ಬೇರೂರಲು ಇಂತಹ ಶಿಬಿರಗಳೇ ಕಾರಣವೆಂದರೆ ತಪ್ಪಾಗಲಾರದು.

ಆದರೆ ಈ ವಿಶ್ವಾಸದ ಜೊತೆಯಲ್ಲಿಯೇ ಒಂದು ತಪ್ಪು ತಿಳಿವಳಿಕೆಯೂ ಬೆಳೆದಿದೆ. ಹೋದ ದೃಷ್ಟಿಯೆಲ್ಲವೂ ಮರಳಿ ಬರುತ್ತದೆಂದು ಅನೇಕರು ಭಾವಿಸುತ್ತಾರೆ. ಪೊರೆಯಲ್ಲಿ ಕೆಡುವುದು ಕಣ್ಣಿನ ಮಸೂರ ಮಾತ್ರ. ಅದನ್ನು ತೆಗೆದು ಕೃತಕ ಮಸೂರವನ್ನು ಇಡಬಹುದು. ಗ್ಲಾಕೋಮಾ ರೋಗದಲ್ಲಿ ಹಾಗೂ ಅಕ್ಷಿಪಟಲ ಎಂದರೆ ರೆಟಿನಾದ ರೋಗಗಳಲ್ಲಿ ಕೆಡುವುದು ನರಕೋಶಗಳು. ಒಮ್ಮೆ ಸತ್ತ ನರಕೋಶಗಳು ಮತ್ತೆ ಹುಟ್ಟುವುದಿಲ್ಲ. ಶಸ್ತ್ರದಿಂದ ಮರಳಿ ಬಾರದ ದೃಷ್ಟಿಯನ್ನು ಗುಳಿಗೆಯಿಂದಲಾದರೂ ಪಡೆಯಬಹುದೇ ಎಂಬ ಆಸೆ ಇಲ್ಲಿ ಹುಟ್ಟುವುದು ಸಹಜ. ಔಷಧಿ ಅಂಗಡಿಗಳಲ್ಲಿ ‘ಆಂಟಿ ಆಕ್ಸಿಡೆಂಟ್’ ಎಂದು ಬರೆದ ಡಬ್ಬಿಗಳಿಗೆ ಬೇಡಿಕೆಯಿರುವುದು ಈ ಆಸೆಯಿಂದಲೇ.

ಈ ಗುಳಿಗೆಗಳ ಬಗ್ಗೆ ವಿಚಾರ ಮಾಡುವಾಗ ನಮ್ಮ ಶಾಸ್ತ್ರಕಾರರು ಬಳಸಿದ ಎರಡು ಪದಗಳು ಉಪಯುಕ್ತವಾಗುತ್ತವೆ: ಯುಕ್ತಿ ಮತ್ತು ಪ್ರಮಾಣ. ಒಂದು ಔಷಧಿಯು ಗುಣ ಕೊಡಬಹುದೆಂದು ತರ್ಕದಿಂದ ಊಹಿಸುವುದು ಯುಕ್ತಿ. ಅದು ಗುಣ ಕೊಟ್ಟಿತೆಂದು ರೋಗಿಗಳಲ್ಲಿ ಪರೀಕ್ಷಿಸಿ ತೋರಿಸುವುದು ಪ್ರಮಾಣ. ಉತ್ಕರ್ಷಣ ನಿರೋಧಕಗಳ ವಿಷಯದಲ್ಲಿ ಯುಕ್ತಿ ಬಲವಾಗಿದೆ. ಪ್ರಮಾಣವು ಕೆಲವೆಡೆ ದೊರೆತಿದೆ, ಹಲವೆಡೆ ದೊರೆತಿಲ್ಲ. ಈ ಅಂತರವನ್ನು ಅರಿಯದಿದ್ದರೆ ದೃಷ್ಟಿಗೇ ಅಪಾಯವುಂಟು.

ಆಮ್ಲಜನಕದ ಎರಡು ಗುಣ

ಆಮ್ಲಜನಕವಿಲ್ಲದೆ ಜೀವವಿಲ್ಲ. ಆದರೆ ಕಬ್ಬಿಣಕ್ಕೆ ತುಕ್ಕು ಹಿಡಿಸುವುದೂ, ಬಹುದಿನ ಇಟ್ಟ ಶೇಂಗಾ ಎಣ್ಣೆಗೆ ಕಮಟು ವಾಸನೆ ತರುವುದೂ ಅದೇ ಆಮ್ಲಜನಕ. ರಸಾಯನಶಾಸ್ತ್ರದಲ್ಲಿ ಈ ಕ್ರಿಯೆಗೆ ಉತ್ಕರ್ಷಣವೆಂದು ಹೆಸರು. ಜೀವಕೋಶಗಳು ಆಹಾರವನ್ನು ದಹಿಸಿ ಶಕ್ತಿಯನ್ನು ಪಡೆಯುವಾಗ ಆಮ್ಲಜನಕದ ಒಂದು ಸಣ್ಣ ಭಾಗವು ಅತಿ ಚುರುಕಾದ ರೂಪಗಳನ್ನು ತಾಳುತ್ತದೆ. ಇವು ಕೋಶದ ಕೊಬ್ಬು, ಪ್ರೋಟೀನು ಮತ್ತು ವಂಶವಾಹಿ ದ್ರವ್ಯಗಳ ಮೇಲೆ ಎರಗಿ ಅವನ್ನು ಕೆಡಿಸಬಲ್ಲವು. ಇವುಗಳ ಚುರುಕನ್ನು ಅಡಗಿಸುವ ದ್ರವ್ಯಗಳೇ ಉತ್ಕರ್ಷಣ ನಿರೋಧಕಗಳು.

ದೇಹದ ಇತರ ಅಂಗಗಳಿಗಿಂತ ಅಕ್ಷಿಪಟಲಕ್ಕೆ ಈ ಭಯ ಹೆಚ್ಚು. ತೂಕಕ್ಕೆ ಹೋಲಿಸಿದರೆ ಅತ್ಯಧಿಕ ಆಮ್ಲಜನಕವನ್ನು ಬಳಸುವ ಅಂಗಾಂಶಗಳಲ್ಲಿ ಅದೂ ಒಂದು. ಎಚ್ಚರವಿರುವಷ್ಟು ಹೊತ್ತೂ ಅದರ ಮೇಲೆ ಬೆಳಕು ಬೀಳುತ್ತಲೇ ಇರುತ್ತದೆ. ಅಲ್ಲದೆ ಅದರ ದೃಷ್ಟಿಕೋಶಗಳ ಪೊರೆಗಳಲ್ಲಿ ಬೇಗನೆ ಉತ್ಕರ್ಷಣಗೊಳ್ಳುವ ಕೊಬ್ಬು ತುಂಬಿದೆ. ಈ ಕೋಶಗಳು ತಮ್ಮ ತುದಿಯ ಸುಮಾರು ಹತ್ತನೆಯ ಒಂದು ಭಾಗವನ್ನು ಪ್ರತಿದಿನವೂ ಕಳಚಿ ಹೊಸದನ್ನು ಕಟ್ಟಿಕೊಳ್ಳುತ್ತವೆ. ಕಳಚಿದ ಭಾಗವನ್ನು ಅವುಗಳ ಹಿಂದಿರುವ ವರ್ಣಕೋಶಗಳ ಪದರವು ನುಂಗಿ ಅರಗಿಸುತ್ತದೆ. ವಯಸ್ಸಾದಂತೆ ಈ ಅರಗಿಸುವ ಶಕ್ತಿ ಕುಂದಿ, ಅರಗದ ಕಸವು ಪದರದ ಒಳಗೂ ಕೆಳಗೂ ಕೂಡುತ್ತ ಹೋಗುತ್ತದೆ.

ಆಮ್ಲಜನಕವು ಕಣ್ಣಿಗೆ ಕೇಡನ್ನೂ ತರಬಲ್ಲದೆಂಬುದು ವೈದ್ಯಲೋಕಕ್ಕೆ ಒಂದು ದುರಂತದ ಮೂಲಕ ತಿಳಿಯಿತು. 1942ರಲ್ಲಿ ಅಮೆರಿಕದ ಬಾಸ್ಟನ್ ನಗರದ ವೈದ್ಯ ಥಿಯೋಡೋರ್ ಟೆರಿಯವರು ಅವಧಿಗೆ ಮುನ್ನ ಹುಟ್ಟಿದ ಶಿಶುಗಳಲ್ಲಿ ಒಂದು ಹೊಸ ಬಗೆಯ ಕುರುಡನ್ನು ವರ್ಣಿಸಿದರು. ಮುಂದಿನ ಹತ್ತು ವರ್ಷಗಳಲ್ಲಿ ಸುಮಾರು 10,000 ಶಿಶುಗಳು ಇದಕ್ಕೆ ತುತ್ತಾದವು. ಆ ಶಿಶುಗಳ ಪ್ರಾಣವನ್ನುಳಿಸಲೆಂದು ಧಾರಾಳವಾಗಿ ಕೊಡುತ್ತಿದ್ದ ಆಮ್ಲಜನಕವೇ ಕಾರಣವಿರಬಹುದೆಂದು 1951ರಲ್ಲಿ ಆಸ್ಟ್ರೇಲಿಯದ ಡಾ. ಕೇಟ್ ಕ್ಯಾಂಪ್‌ಬೆಲ್ ಸೂಚಿಸಿದರು. 1953–54ರಲ್ಲಿ ಅಮೆರಿಕದ 18 ಆಸ್ಪತ್ರೆಗಳು ಕೂಡಿ ನಡೆಸಿದ ಪರೀಕ್ಷೆಯು ಅದನ್ನು ದೃಢಪಡಿಸಿತು. ಒಡನೆಯೇ ಎಲ್ಲೆಡೆ ಆಮ್ಲಜನಕವನ್ನು ಕಡಿತಗೊಳಿಸಲಾಯಿತು. ಕುರುಡು ಇಳಿಯಿತು, ಆದರೆ ಆಮ್ಲಜನಕದ ಅಭಾವದಿಂದ ಸಾಯುವ ಮತ್ತು ಮೆದುಳಿಗೆ ಊನವಾಗುವ ಶಿಶುಗಳ ಸಂಖ್ಯೆ ಏರಿತು. ಉತ್ಕರ್ಷಣ ನಿರೋಧಕವಾದ ಇ ಜೀವಸತ್ವವನ್ನು ಕೊಟ್ಟು ನೋಡಿದಾಗ, ದೊಡ್ಡ ಅಳತೆಯಲ್ಲಿ ಅದು ಸೋಂಕಿನ ಭಯವನ್ನು ಹೆಚ್ಚಿಸಿತು. ಕೊನೆಗೆ ಉಳಿದ ದಾರಿಯೆಂದರೆ ಆಮ್ಲಜನಕವನ್ನು ಅಳೆದು ಕೊಡುವುದು, ಶಿಶುವಿನ ಕಣ್ಣನ್ನು ಸಕಾಲದಲ್ಲಿ ಪರೀಕ್ಷಿಸುವುದು ಮತ್ತು ಬೇಕಾದಲ್ಲಿ ಲೇಸರ್ ಮುಂತಾದ ಚಿಕಿತ್ಸೆ ನೀಡುವುದು. ಹೆಚ್ಚೂ ಕೇಡು, ಕಡಿಮೆಯೂ ಕೇಡು ಎಂಬ ಈ ಪಾಠವು ಮುಂದಿನ ಎಲ್ಲ ವಿಚಾರಗಳಿಗೂ ಅನ್ವಯಿಸುತ್ತದೆ.

ಕಣ್ಣಿನ ಸಹಜ ರಕ್ಷಣೆ

ಪ್ರಕೃತಿಯು ಕಣ್ಣನ್ನು ನಿರಾಯುಧವಾಗಿ ಬಿಟ್ಟಿಲ್ಲ. ಕಣ್ಣಿನ ಮುಂಭಾಗದ ತಿಳಿದ್ರವದಲ್ಲಿ ಸಿ ಜೀವಸತ್ವವು ರಕ್ತದಲ್ಲಿರುವುದಕ್ಕಿಂತ ಹಲವು ಪಟ್ಟು ಹೆಚ್ಚಾಗಿದೆ. ಕೋಶಗಳ ಪೊರೆಗಳಲ್ಲಿ ಇ ಜೀವಸತ್ವವಿದೆ. ಅತಿಚುರುಕಿನ ಆಮ್ಲಜನಕವನ್ನು ಒಡೆಯುವ ಕಿಣ್ವಗಳಿವೆ. ಅವುಗಳಲ್ಲಿ ಕೆಲವಕ್ಕೆ ಸತು ಮತ್ತು ತಾಮ್ರಗಳು ಅವಶ್ಯ. ಅಕ್ಷಿಪಟಲದ ನಡುವೆ, ಅಕ್ಷರವನ್ನು ಓದಲು ಮತ್ತು ಮುಖವನ್ನು ಗುರುತಿಸಲು ನೆರವಾಗುವ ಮ್ಯಾಕ್ಯುಲಾ ಎಂಬ ಚಿಕ್ಕ ಭಾಗವು ಹಳದಿಯಾಗಿ ಕಾಣುತ್ತದೆ. ಈ ಬಣ್ಣ ಲ್ಯೂಟೀನ್ ಮತ್ತು ಝಿಯಾಝಾಂಥಿನ್ ಎಂಬ ಸಸ್ಯವರ್ಣಗಳದು. ಅವು ನೀಲಿ ಬೆಳಕನ್ನು ಹೀರಿ, ಉತ್ಕರ್ಷಣವನ್ನೂ ತಡೆಯುತ್ತವೆ. ಇವನ್ನು ಮನುಷ್ಯದೇಹ ತಯಾರಿಸಲಾರದು, ಊಟದಿಂದಲೇ ಬರಬೇಕು.

ಇಷ್ಟನ್ನು ತಿಳಿದ ಮೇಲೆ, ಈ ದ್ರವ್ಯಗಳನ್ನು ಹೊರಗಿನಿಂದ ಹೆಚ್ಚಾಗಿ ಕೊಟ್ಟರೆ ರೋಗ ತಡೆಯಬಹುದೆಂದು ಯಾರಿಗಾದರೂ ತೋರೀತು. ಇದು ಯುಕ್ತಿ.

ಪ್ರಮಾಣ ದೊರೆತ ಕ್ಷೇತ್ರ

ವಯಸ್ಸಾದವರಲ್ಲಿ ಮ್ಯಾಕ್ಯುಲಾ ಸವೆಯುವ ರೋಗವು ನಡುದೃಷ್ಟಿಯನ್ನು ಕೆಡಿಸುತ್ತದೆ. ರೋಗಿಗೆ ಗೋಡೆ ಕಾಣುತ್ತದೆ, ಗೋಡೆಗೆ ತೂಗಿದ ಗಡಿಯಾರದ ಮುಳ್ಳು ಕಾಣುವುದಿಲ್ಲ. ಸೊಪ್ಪು ತರಕಾರಿಗಳ ಸಸ್ಯವರ್ಣಗಳನ್ನು ಅತಿ ಹೆಚ್ಚು ಸೇವಿಸುವವರಲ್ಲಿ ಮುಂದುವರಿದ ಮ್ಯಾಕ್ಯುಲಾ ರೋಗದ ಸಂಭವ, ಅತಿ ಕಡಿಮೆ ಸೇವಿಸುವವರಿಗಿಂತ ಶೇ. 43ರಷ್ಟು ಕಡಿಮೆಯೆಂದು 1994ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಅಧ್ಯಯನ ತೋರಿಸಿತು. ಆದರೆ ಸೊಪ್ಪನ್ನು ಹೆಚ್ಚು ತಿನ್ನುವವರು ಬೇರೆ ವಿಷಯಗಳಲ್ಲಿಯೂ ಮಿತಾಚಾರಿಗಳಾಗಿರಬಹುದು. ಆದುದರಿಂದ ಇಂತಹ ಹೋಲಿಕೆಯೊಂದೇ ಪ್ರಮಾಣವಾಗದು. ರೋಗಿಗಳನ್ನು ಚೀಟಿಯೆತ್ತಿದಂತೆ ಗುಂಪುಗಳಾಗಿ ಹಂಚಿ, ಕೆಲವರಿಗೆ ಔಷಧಿಯನ್ನೂ ಕೆಲವರಿಗೆ ನೋಟಕ್ಕೆ ಹಾಗೆಯೇ ಇರುವ ಹುಸಿಗುಳಿಗೆಯನ್ನೂ ಕೊಟ್ಟು, ವರ್ಷಗಳವರೆಗೆ ಕಾದು ನೋಡಬೇಕು.

ಅಂತಹ ಪರೀಕ್ಷೆಯನ್ನು ಅಮೆರಿಕದ ರಾಷ್ಟ್ರೀಯ ನೇತ್ರ ಸಂಸ್ಥೆಯು ನಡೆಸಿತು. ‘ಏರೆಡ್ಸ್’ ಎಂದು ಪ್ರಸಿದ್ಧವಾದ ಆ ಅಧ್ಯಯನದ ಫಲಿತಾಂಶ 2001ರಲ್ಲಿ ಹೊರಬಂದಿತು. ಪ್ರತಿದಿನ ಕೊಟ್ಟ ಮಿಶ್ರಣದಲ್ಲಿ ಸಿ ಜೀವಸತ್ವ 500 ಮಿಲಿಗ್ರಾಂ, ಇ ಜೀವಸತ್ವ 400 ಅಂತರರಾಷ್ಟ್ರೀಯ ಮಾನ, ಬೀಟಾ ಕ್ಯಾರೋಟಿನ್ 15 ಮಿಲಿಗ್ರಾಂ ಮತ್ತು ಸತು 80 ಮಿಲಿಗ್ರಾಂ ಇದ್ದವು. ಸತು ಹೆಚ್ಚಾದರೆ ದೇಹದಲ್ಲಿ ತಾಮ್ರ ಕಡಿಮೆಯಾಗಿ ರಕ್ತಹೀನತೆ ಬರಬಹುದಾದುದರಿಂದ 2 ಮಿಲಿಗ್ರಾಂ ತಾಮ್ರವನ್ನೂ ಸೇರಿಸಲಾಗಿತ್ತು.

ರೋಗವು ಮಧ್ಯಮ ಹಂತ ತಲುಪಿದ್ದವರಲ್ಲಿ ಅಥವಾ ಒಂದು ಕಣ್ಣು ಆಗಲೇ ಕೆಟ್ಟಿದ್ದವರಲ್ಲಿ, ಹುಸಿಗುಳಿಗೆ ಪಡೆದ 100 ಮಂದಿಯ ಪೈಕಿ ಸುಮಾರು 28 ಮಂದಿಗೆ ಐದು ವರ್ಷಗಳಲ್ಲಿ ರೋಗ ಉಲ್ಬಣಿಸಿತು. ಪೂರ್ಣ ಮಿಶ್ರಣ ಪಡೆದವರಲ್ಲಿ ಅದು 20ಕ್ಕೆ ಇಳಿಯಿತು. ಅಂದರೆ 100ಕ್ಕೆ 8 ಜನರಿಗೆ ನೇರ ಲಾಭ. ಇದು ಸಣ್ಣ ಲಾಭವಲ್ಲ. ಆದರೆ ಮುಂದಿನ ಮೂರು ಮಾತುಗಳನ್ನು ಮರೆಯಬಾರದು. ಕಳೆದ ದೃಷ್ಟಿಯನ್ನು ಈ ಗುಳಿಗೆ ಮರಳಿ ತರಲಿಲ್ಲ. ರೋಗವಿಲ್ಲದವರಿಗೂ ಆರಂಭದ ಹಂತದವರಿಗೂ ಇದರಿಂದ ಪ್ರಯೋಜನ ಕಂಡುಬರಲಿಲ್ಲ. ಕಣ್ಣಿನ ಪೊರೆಯನ್ನೂ ಇದು ತಡೆಯಲಿಲ್ಲ.

ಒಳಿತಿನೊಡನೆ ಬಂದ ಕೇಡು

ಇದೇ ಮಿಶ್ರಣದ ಒಂದು ಘಟಕವು ಬೇರೊಂದು ಕಡೆ ಕೇಡನ್ನುಂಟುಮಾಡಿತ್ತು. ಫಿನ್ಲೆಂಡಿನಲ್ಲಿ 29,133 ಮಂದಿ ಧೂಮಪಾನಿ ಗಂಡಸರ ಮೇಲೆ ನಡೆದ ಪರೀಕ್ಷೆಯ ಫಲಿತಾಂಶ 1994ರಲ್ಲಿ ಬಂದಿತು. ಶ್ವಾಸಕೋಶದ ಅರ್ಬುದವನ್ನು ತಡೆಯಲೆಂದು ಕೊಟ್ಟ ಬೀಟಾ ಕ್ಯಾರೋಟಿನ್ ಆ ಅರ್ಬುದವನ್ನು ಶೇ. 18ರಷ್ಟು ಹೆಚ್ಚಿಸಿತ್ತು. ಅಮೆರಿಕದಲ್ಲಿ ನಡೆಯುತ್ತಿದ್ದ ಇಂತಹುದೇ ಇನ್ನೊಂದು ಪರೀಕ್ಷೆಯನ್ನು ಇದೇ ಕಾರಣದಿಂದ 1996ರಲ್ಲಿ ಅವಧಿಗೆ ಮುನ್ನವೇ ನಿಲ್ಲಿಸಬೇಕಾಯಿತು.

ಆದುದರಿಂದ ಎರಡನೆಯ ಏರೆಡ್ಸ್ ಅಧ್ಯಯನದಲ್ಲಿ ಬೀಟಾ ಕ್ಯಾರೋಟಿನ್ನಿನ ಬದಲಿಗೆ 10 ಮಿಲಿಗ್ರಾಂ ಲ್ಯೂಟೀನ್ ಮತ್ತು 2 ಮಿಲಿಗ್ರಾಂ ಝಿಯಾಝಾಂಥಿನ್‌ಗಳನ್ನು ಪರೀಕ್ಷಿಸಲಾಯಿತು. 2013ರಲ್ಲಿ ಪ್ರಕಟವಾದ ಫಲಿತಾಂಶವೂ, ಹತ್ತು ವರ್ಷಗಳ ಅನುಸರಣೆಯ ಬಳಿಕ 2022ರಲ್ಲಿ ಪ್ರಕಟವಾದ ವರದಿಯೂ ಇವು ಸುರಕ್ಷಿತವಾದ ಬದಲಿಯೆಂದು ತೋರಿಸಿದವು. ಮೀನೆಣ್ಣೆಯ ಒಮೆಗಾ-3 ಕೊಬ್ಬನ್ನು ಸೇರಿಸಿದ್ದರಿಂದ ಹೆಚ್ಚಿನ ಲಾಭವೇನೂ ದೊರೆಯಲಿಲ್ಲ. ಬೀಡಿ ಸಿಗರೇಟು ಸೇದುವವರು ಮಾತ್ರವಲ್ಲದೆ ಅದನ್ನು ಬಿಟ್ಟವರೂ ಬೀಟಾ ಕ್ಯಾರೋಟಿನ್ ಇರುವ ಗುಳಿಗೆಯನ್ನು ವರ್ಜಿಸಬೇಕೆಂಬುದು ಇದರಿಂದ ಸ್ಪಷ್ಟವಾಯಿತು. ಧೂಮಪಾನವು ಮ್ಯಾಕ್ಯುಲಾ ರೋಗಕ್ಕೇ ಒಂದು ಪ್ರಬಲ ಕಾರಣ. ಅದನ್ನು ಬಿಡುವುದೇ ಮೊದಲ ಔಷಧಿ.

ಅಕ್ಷಿಪಟಲದ ಬೇರೆ ರೋಗಗಳು

ಒಂದು ರೋಗದಲ್ಲಿ ಹಿತವಾದುದು ಇನ್ನೊಂದರಲ್ಲಿ ಅಹಿತವಾಗಬಹುದು. ರೆಟಿನೈಟಿಸ್ ಪಿಗ್ಮೆಂಟೋಸಾ ಎಂಬ ಆನುವಂಶಿಕ ರೋಗದಲ್ಲಿ ಮೊದಲು ಇರುಳುಗಣ್ಣು ಬಂದು, ಬಳಿಕ ದೃಷ್ಟಿಯ ವ್ಯಾಪ್ತಿ ಕಿರಿದಾಗುತ್ತ ಹೋಗುತ್ತದೆ. 1993ರಲ್ಲಿ ಬಾಸ್ಟನ್ನಿನ ಡಾ. ಎಲಿಯಟ್ ಬರ್ಸನ್ ಮತ್ತು ಸಂಗಡಿಗರು 601 ರೋಗಿಗಳ ಅಧ್ಯಯನವನ್ನು ಪ್ರಕಟಿಸಿದರು. ಎ ಜೀವಸತ್ವ ಪಡೆದವರಲ್ಲಿ ಅಕ್ಷಿಪಟಲದ ವಿದ್ಯುತ್ ಪ್ರತಿಕ್ರಿಯೆ ತುಸು ನಿಧಾನವಾಗಿ ಕುಗ್ಗಿತು. 400 ಮಾನ ಇ ಜೀವಸತ್ವ ಪಡೆದವರಲ್ಲಿ ಅದು ಬೇಗ ಕುಗ್ಗಿದಂತೆ ಕಂಡಿತು. ಮ್ಯಾಕ್ಯುಲಾ ರೋಗದ ಮಿಶ್ರಣದಲ್ಲಿರುವ ಇ ಜೀವಸತ್ವದ ಅಳತೆಯೂ ಇಷ್ಟೇ ಎಂಬುದನ್ನು ಗಮನಿಸಬೇಕು. ಇದೇ ರೋಗಕ್ಕೆ ಎನ್-ಅಸಿಟೈಲ್ ಸಿಸ್ಟೀನ್ ಎಂಬ ಬೇರೊಂದು ಉತ್ಕರ್ಷಣ ನಿರೋಧಕವನ್ನು 30 ರೋಗಿಗಳಿಗೆ ಕೊಟ್ಟು ಪಡೆದ ಆಶಾದಾಯಕ ಫಲಿತಾಂಶವು 2020ರಲ್ಲಿ ಪ್ರಕಟವಾಯಿತು. ಆದರೆ 30 ಜನರ ಅನುಭವವು ದೊಡ್ಡ ಪರೀಕ್ಷೆಗೆ ಪೀಠಿಕೆಯೇ ಹೊರತು ನಿರ್ಣಯವಲ್ಲ.

ಮಧುಮೇಹದಿಂದ ಅಕ್ಷಿಪಟಲದ ರಕ್ತನಾಳಗಳು ಕೆಡುವಲ್ಲಿಯೂ ಉತ್ಕರ್ಷಣದ ಪಾತ್ರವಿದೆ. ಆದರೆ ಅಲ್ಲಿ ಸಿದ್ಧವಾದ ರಕ್ಷಣೆಯೆಂದರೆ ಸಕ್ಕರೆಯ ಹತೋಟಿ. ಅಮೆರಿಕ ಮತ್ತು ಕೆನಡಾಗಳಲ್ಲಿ ಇನ್ಸುಲಿನ್ ಅವಲಂಬಿತ 1,441 ರೋಗಿಗಳ ಮೇಲೆ ನಡೆದು 1993ರಲ್ಲಿ ಮುಗಿದ ಅಧ್ಯಯನದಲ್ಲಿ, ಬಿಗಿಯಾದ ಹತೋಟಿಯು ಹೊಸದಾಗಿ ಕಣ್ಣಿನ ರೋಗ ಬರುವ ಸಂಭವವನ್ನು ಶೇ. 76ರಷ್ಟು ತಗ್ಗಿಸಿತು. ಯಾವ ಉತ್ಕರ್ಷಣ ನಿರೋಧಕವೂ ಇದಕ್ಕೆ ಸಮನಾದ ಸಾಧನೆಯನ್ನು ತೋರಿಸಿಲ್ಲ.

ಗ್ಲಾಕೋಮಾ: ಯುಕ್ತಿಯುಂಟು, ಪ್ರಮಾಣವಿನ್ನೂ ಇಲ್ಲ

ಕಣ್ಣಿನೊಳಗೆ ತಿಳಿದ್ರವವೊಂದು ಸದಾ ಸ್ರವಿಸಿ, ಸೂಕ್ಷ್ಮವಾದ ಜಾಲರಿಯ ಮೂಲಕ ಹೊರಹೋಗುತ್ತದೆ. ಹೊರದಾರಿ ಕಟ್ಟಿದರೆ ಒತ್ತಡ ಏರುತ್ತದೆ. ಸಾಮಾನ್ಯವಾಗಿ ಈ ಒತ್ತಡ 10ರಿಂದ 21 ಮಿಲಿಮೀಟರ್ ಪಾದರಸದಷ್ಟಿರುತ್ತದೆ. ಒತ್ತಡದಿಂದ ನಲುಗಿದ ದೃಷ್ಟಿನರದ ಸುಮಾರು ಹತ್ತು ಲಕ್ಷ ತಂತುಗಳು ಒಂದೊಂದಾಗಿ ಸಾಯುತ್ತವೆ. ಮೊದಲು ಹೋಗುವುದು ಅಂಚಿನ ದೃಷ್ಟಿ. ನೇರಕ್ಕೆ ಎಲ್ಲವೂ ಕಾಣುತ್ತಿರುವುದರಿಂದಲೂ, ಒಂದು ಕಣ್ಣಿನ ಕೊರತೆಯನ್ನು ಇನ್ನೊಂದು ತುಂಬುವುದರಿಂದಲೂ ರೋಗಿಗೆ ಅದು ತಿಳಿಯುವುದೇ ಇಲ್ಲ. ಹೊಸ್ತಿಲು ಎಡವಿದಾಗ, ಪಕ್ಕದಲ್ಲಿ ಬಂದ ಗಾಡಿ ಕಾಣದಾದಾಗ ಎಚ್ಚರವಾಗುವಷ್ಟರಲ್ಲಿ ಬಹುಭಾಗ ನಷ್ಟವಾಗಿರುತ್ತದೆ.

ಒತ್ತಡ ಸಹಜವಾಗಿದ್ದರೂ ಕೆಲವರಿಗೆ ಈ ರೋಗ ಬರುವುದುಂಟು. ಒತ್ತಡ ಇಳಿಸಿದ ಮೇಲೂ ಕೆಲವರಲ್ಲಿ ಅದು ಮುಂದುವರಿಯುವುದುಂಟು. ಇದರಿಂದಾಗಿ ಸಂಶೋಧಕರ ಗಮನ ಉತ್ಕರ್ಷಣದ ಕಡೆಗೆ ಹರಿಯಿತು. ಗಿಂಕ್ಗೊ ಎಂಬ ಮರದ ಎಲೆಯ ಸಾರವನ್ನು ಪರೀಕ್ಷಿಸಿದಾಗ, 2003ರಲ್ಲಿ ಇಟಲಿಯ ಒಂದು ಚಿಕ್ಕ ಅಧ್ಯಯನವು ದೃಷ್ಟಿಕ್ಷೇತ್ರ ಸುಧಾರಿಸಿತೆಂದಿತು. 2014ರಲ್ಲಿ ಚೀನಾದ ರೋಗಿಗಳಲ್ಲಿ ನಡೆದ ಅಧ್ಯಯನಕ್ಕೆ ಅಂತಹ ಗುಣ ಕಾಣಲಿಲ್ಲ.

ಇದಕ್ಕಿಂತ ಹೆಚ್ಚಿನ ಆಸೆ ಹುಟ್ಟಿಸಿರುವುದು ಬಿ-3 ಜೀವಸತ್ವದ ರೂಪವಾದ ನಿಕೋಟಿನಮೈಡ್. ಇದು ಕಟ್ಟುನಿಟ್ಟಾದ ಅರ್ಥದಲ್ಲಿ ಉತ್ಕರ್ಷಣ ನಿರೋಧಕವಲ್ಲ; ನರಕೋಶದ ಶಕ್ತ್ಯುತ್ಪಾದನೆಗೆ ನೆರವಾಗಿ, ಅದು ಒತ್ತಡವನ್ನು ತಾಳುವಂತೆ ಮಾಡುವುದು ಇದರ ಕೆಲಸ. ಗ್ಲಾಕೋಮಾ ಬರುವ ತಳಿಯ ಇಲಿಗಳಿಗೆ ಇದನ್ನು ಹೆಚ್ಚಿನ ಅಳತೆಯಲ್ಲಿ ಕೊಟ್ಟಾಗ ಶೇ. 93ರಷ್ಟು ಕಣ್ಣುಗಳ ದೃಷ್ಟಿನರ ಉಳಿಯಿತೆಂದು 2017ರಲ್ಲಿ ಅಮೆರಿಕದ ಸಂಶೋಧಕರು ಪ್ರಕಟಿಸಿದರು. 2020ರಲ್ಲಿ ಆಸ್ಟ್ರೇಲಿಯದಲ್ಲಿ 57 ರೋಗಿಗಳಿಗೆ ದಿನಕ್ಕೆ 3 ಗ್ರಾಂವರೆಗೆ ಕೊಟ್ಟಾಗ ಅಕ್ಷಿಪಟಲದ ಒಳಪದರಗಳ ಕ್ರಿಯೆ ತುಸು ಸುಧಾರಿಸಿತು. ಆದರೆ ಕೆಲವು ವಾರಗಳ ಸುಧಾರಣೆಯಿಂದ ವರ್ಷಗಳವರೆಗೆ ದೃಷ್ಟಿ ಉಳಿದೀತೆಂದು ಹೇಳಲಾಗದು. ಅದನ್ನರಿಯಲು ದೀರ್ಘಕಾಲದ ಪರೀಕ್ಷೆಗಳು ಹಲವು ದೇಶಗಳಲ್ಲಿ ಆರಂಭವಾಗಿವೆ. ದೇಹದ ದಿನದ ಅಗತ್ಯ ಸುಮಾರು 15 ಮಿಲಿಗ್ರಾಂ. 3 ಗ್ರಾಂ ಎಂದರೆ ಅದರ 200 ಪಟ್ಟು. ಇಷ್ಟು ದೊಡ್ಡ ಅಳತೆಯಿಂದ ಯಕೃತ್ತಿಗೆ ಹಾನಿಯಾಗಬಹುದು. ವೈದ್ಯರ ನಿಗಾ ಇಲ್ಲದೆ ಇದನ್ನು ಸೇವಿಸುವುದು ಸಲ್ಲದು.

ಒತ್ತಡವನ್ನು ಇಳಿಸುವುದರ ಪ್ರಯೋಜನಕ್ಕಾದರೋ ಪ್ರಮಾಣ ಸ್ಪಷ್ಟವಾಗಿದೆ. ಸ್ವೀಡನ್ನಿನಲ್ಲಿ 255 ರೋಗಿಗಳ ಮೇಲೆ ನಡೆದು 2002ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಚಿಕಿತ್ಸೆ ಪಡೆಯದವರ ಪೈಕಿ ಶೇ. 62 ಮಂದಿಗೆ ರೋಗ ಮುಂದುವರಿಯಿತು. ಚಿಕಿತ್ಸೆ ಪಡೆದವರಲ್ಲಿ ಶೇ. 45 ಮಂದಿಗೆ. ಒತ್ತಡವನ್ನು ಒಂದೊಂದು ಮಿಲಿಮೀಟರ್ ಇಳಿಸಿದಂತೆಲ್ಲ ರೋಗ ಮುಂದುವರಿಯುವ ಸಂಭವ ಸುಮಾರು ಶೇ. 10ರಷ್ಟು ತಗ್ಗಿತು.

ನಿಜವಾದ ಅಪಾಯವಿರುವುದು ಇಲ್ಲಿಯೇ. ಹನಿಮದ್ದನ್ನು ಹಾಕಿದರೆ ಕಣ್ಣು ಉರಿಯುತ್ತದೆ, ಕೆಂಪಾಗುತ್ತದೆ, ದೃಷ್ಟಿಯೇನೂ ಹೆಚ್ಚುವುದಿಲ್ಲ. ತಿಂಗಳು ತಿಂಗಳು ಹಣ ತೆರಬೇಕು, ಜೀವಮಾನವಿಡೀ ಹಾಕಬೇಕು. ಗುಳಿಗೆಯಾದರೋ ನುಂಗಲು ಸುಲಭ, ಜೀವಸತ್ವವೆಂಬ ಹೆಸರೂ ಹಿತ. ಹೀಗಿರುವಲ್ಲಿ, ಗುಳಿಗೆ ನಡೆಯುತ್ತಿದೆಯಲ್ಲ ಎಂಬ ಸಮಾಧಾನದಿಂದ ಹನಿಮದ್ದನ್ನು ಬಿಟ್ಟವನಿಗೆ ಆಗುವ ಹಾನಿ ಆಗ ತೋರದು. ತೋರಿದಾಗ ಸರಿಪಡಿಸಲು ಬಾರದು. ಪ್ರಮಾಣವಿಲ್ಲದ ಔಷಧಿಯಿಂದ ಗುಣವಾಗದಿರುವುದು ಒಂದು ನಷ್ಟವಾದರೆ, ಪ್ರಮಾಣವಿರುವ ಔಷಧಿಯನ್ನು ಅದು ದೂರ ಮಾಡುವುದು ಅದಕ್ಕಿಂತ ದೊಡ್ಡ ನಷ್ಟ.

ಊಟದ ತಟ್ಟೆಯಲ್ಲಿರುವ ನಿರೋಧಕಗಳು

ಹಾಗಾದರೆ ಇವುಗಳಿಗೆ ಬೆಲೆಯೇ ಇಲ್ಲವೇ? ಉಂಟು, ಅವುಗಳ ಸಹಜ ಸ್ಥಾನ ಆಹಾರದಲ್ಲಿದೆ. ಬೇಯಿಸಿದ ಒಂದು ದೊಡ್ಡ ಬಟ್ಟಲು ಪಾಲಕ್ ಸೊಪ್ಪಿನಲ್ಲಿ ಸುಮಾರು 20 ಮಿಲಿಗ್ರಾಂ ಲ್ಯೂಟೀನ್ ಮತ್ತು ಝಿಯಾಝಾಂಥಿನ್‌ಗಳು ದೊರೆಯುತ್ತವೆ. ಹರಿವೆ, ಮೆಂತ್ಯ, ನುಗ್ಗೆ ಸೊಪ್ಪುಗಳಲ್ಲಿಯೂ ಮೆಕ್ಕೆಜೋಳದಲ್ಲಿಯೂ ಇವುಂಟು. ಇವು ಎಣ್ಣೆಯಲ್ಲಿ ಕರಗುವ ದ್ರವ್ಯಗಳಾದುದರಿಂದ, ಪಲ್ಯಕ್ಕೆ ಹಾಕುವ ಒಗ್ಗರಣೆ ದೇಹವು ಇವನ್ನು ಹೀರಿಕೊಳ್ಳಲು ನೆರವಾಗುತ್ತದೆ. ನೆಲ್ಲಿಕಾಯಿ, ಪೇರಲಗಳಲ್ಲಿ ಸಿ ಜೀವಸತ್ವ, ಶೇಂಗಾ ಮತ್ತು ಕುಸುಬೆ ಎಣ್ಣೆಗಳಲ್ಲಿ ಇ ಜೀವಸತ್ವ, ಬೇಳೆಕಾಳು ಮತ್ತು ಎಳ್ಳಿನಲ್ಲಿ ಸತು ಇವೆ. ಏರೆಡ್ಸ್ ಮಿಶ್ರಣದಷ್ಟು ದೊಡ್ಡ ಅಳತೆ ಊಟದಿಂದ ಬಾರದೆಂಬುದು ನಿಜ; ಆದರೆ ರೋಗವಿಲ್ಲದವನಿಗೆ ಅಷ್ಟು ಬೇಕೆಂಬುದಕ್ಕೆ ಪ್ರಮಾಣವೂ ಇಲ್ಲ. ಅಂಗಡಿಯ ಗುಳಿಗೆಗಳಲ್ಲಿರುವ ಲ್ಯೂಟೀನ್ ಹೆಚ್ಚಾಗಿ ಚೆಂಡುಹೂವಿನ ದಳಗಳಿಂದ ಬರುವುದೆಂಬುದೂ, ಕರ್ನಾಟಕದ ರೈತರು ಇದಕ್ಕಾಗಿಯೇ ಆ ಹೂವನ್ನು ಬೆಳೆಯುತ್ತಿರುವರೆಂಬುದೂ ಸ್ವಾರಸ್ಯದ ಸಂಗತಿ.

ಉಪಸಂಹಾರ

ಇದುವರೆಗಿನ ವಿವೇಚನೆಯಿಂದ ಕೆಲವು ಮಾತುಗಳು ನಿಶ್ಚಿತವಾಗುತ್ತವೆ. ಮಧ್ಯಮ ಹಂತದ ಮ್ಯಾಕ್ಯುಲಾ ರೋಗವಿರುವವರು, ಒಂದು ಕಣ್ಣನ್ನು ಅದರಿಂದ ಕಳೆದುಕೊಂಡವರು ನೇತ್ರವೈದ್ಯರ ಸಲಹೆಯಂತೆ ಬೀಟಾ ಕ್ಯಾರೋಟಿನ್ ಇಲ್ಲದ ಮಿಶ್ರಣವನ್ನು ಸೇವಿಸುವುದು ಯುಕ್ತ. ಗ್ಲಾಕೋಮಾ ಇರುವವರು ಹನಿಮದ್ದನ್ನು ಒಂದು ದಿನವೂ ತಪ್ಪಿಸಬಾರದು. ಗುಳಿಗೆಯನ್ನು ಅದರ ಬದಲಿಯೆಂದು ಎಣಿಸಬಾರದು. ಮಧುಮೇಹಿಗಳು ಸಕ್ಕರೆಯನ್ನೂ ರಕ್ತದೊತ್ತಡವನ್ನೂ ಹತೋಟಿಯಲ್ಲಿಟ್ಟು ವರ್ಷಕ್ಕೊಮ್ಮೆ ಅಕ್ಷಿಪಟಲವನ್ನು ಪರೀಕ್ಷಿಸಿಕೊಳ್ಳಬೇಕು. ನಲವತ್ತು ದಾಟಿದವರು, ವಿಶೇಷವಾಗಿ ತಂದೆತಾಯಿಗಳಿಗೆ ಅಥವಾ ಒಡಹುಟ್ಟಿದವರಿಗೆ ಗ್ಲಾಕೋಮಾ ಇರುವವರು, ಕಣ್ಣು ಚೆನ್ನಾಗಿ ಕಾಣುತ್ತಿದ್ದರೂ ಒತ್ತಡವನ್ನೂ ದೃಷ್ಟಿನರವನ್ನೂ ತೋರಿಸಿಕೊಳ್ಳಬೇಕು. ನೇತ್ರ ಶಿಬಿರಗಳನ್ನು ನಡೆಸುವ ಸಂಸ್ಥೆಗಳೂ ಅವಕ್ಕೆ ನೆರವಾಗುವ ದಾನಿಗಳೂ ಪೊರೆಯ ಶಸ್ತ್ರಚಿಕಿತ್ಸೆಯ ಜೊತೆಗೆ ಈ ಎರಡು ಪರೀಕ್ಷೆಗಳಿಗೂ ಏರ್ಪಾಡು ಮಾಡಿದರೆ, ಗುಳಿಗೆಗಳನ್ನು ಹಂಚುವುದಕ್ಕಿಂತ ಹೆಚ್ಚು ಜನರ ದೃಷ್ಟಿ ಉಳಿದೀತು.

ಕನ್ನಡದಲ್ಲಿ ಪ್ರಮಾಣವೆಂಬ ಪದಕ್ಕೆ ಆಧಾರವೆಂಬ ಅರ್ಥವಿರುವಂತೆ ಅಳತೆಯೆಂಬ ಅರ್ಥವೂ ಉಂಟು. ಔಷಧಿಯ ವಿಷಯದಲ್ಲಿ ಎರಡೂ ಅರ್ಥಗಳು ಸಲ್ಲುತ್ತವೆ. ಆಧಾರವಿಲ್ಲದೆ ಸೇವಿಸಬಾರದು, ಅಳತೆ ಮೀರಿ ಸೇವಿಸಬಾರದು. ಮರಳಿ ಬಾರದ ದೃಷ್ಟಿಯನ್ನು ಇರುವಾಗಲೇ ಕಾಯ್ದುಕೊಳ್ಳುವುದು ವಿವೇಕ.